ಓದುವವರಿಗೆ ಓದದವರ ಜೊತೆ ಬಾಳು ಸಾಗುತ್ತಾ? ದಾವಣಗೆರೆ, ದುರ್ಗದ ಕಡೆಯವರು ಹೇಳಿ

ವಿದ್ಯಾನಗರ_ಓದು

ಎಲ್ಲರಿಗೂ ನಮಸ್ಕಾರ. ಇದನ್ನು ಯಾರ ಹತ್ತಿರ ಕೇಳಬೇಕು ಅಂತ ಗೊತ್ತಾಗದೆ ಬಹಳ ದಿನ ಸುಮ್ಮನಿದ್ದೆ. ಇಲ್ಲಿ ನಮ್ಮ ಕಡೆಯವರೇ ಜಾಸ್ತಿ ಇದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ 28 ವರ್ಷ. ದಾವಣಗೆರೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಚಿಕ್ಕವಳಿದ್ದಾಗಿಂದ ಓದುವ ಹುಚ್ಚು. ಕಾದಂಬರಿ, ಆತ್ಮಕಥೆ, ಸಣ್ಣ ಕಥೆ, ಕೈಗೆ ಸಿಕ್ಕಿದ್ದೆಲ್ಲ. ಬಸ್ಸಿನಲ್ಲಿ ಓದುತ್ತೇನೆ. ಕರೆಂಟು ಹೋದರೆ ಮೊಬೈಲ್ ಟಾರ್ಚ್ ಹಾಕಿಕೊಂಡು ಓದುತ್ತೇನೆ. ಸಂಬಳ ಬಂದ ತಕ್ಷಣ ಪುಸ್ತಕಕ್ಕೆ ಅಂತ ದುಡ್ಡು ಎತ್ತಿಡುತ್ತೇನೆ.

ಒಬ್ಬರನ್ನು ಇಷ್ಟಪಟ್ಟಿದ್ದೇನೆ. ಅವರದು ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಅಪ್ಪನ ಕಾಲದ ದಲಾಲಿ ಅಂಗಡಿ, ಮೆಕ್ಕೆಜೋಳದ ವ್ಯಾಪಾರ. ಒಳ್ಳೆಯ ಮನುಷ್ಯ. ಮಾತು ಕೊಟ್ಟರೆ ತಪ್ಪುವವರಲ್ಲ. ರೈತರಿಗೆ ಲೆಕ್ಕ ಹೇಳುವಾಗ ದನಿ ಎತ್ತಿದ್ದು ನಾನು ನೋಡಿಲ್ಲ. ಆದರೆ ಪುಸ್ತಕ ಮುಟ್ಟುವುದಿಲ್ಲ. ಪಿ.ಯು.ಸಿ. ಆದ ಮೇಲೆ ಪೇಪರ್ ಬಿಟ್ಟು ಬೇರೆ ಏನೂ ಓದಿಲ್ಲ ಅಂತ ಅವರೇ ಹೇಳುತ್ತಾರೆ. ಪೇಪರಿನಲ್ಲೂ ಮೊದಲು ನೋಡುವುದು ಧಾರಣೆ.

ತೊಂದರೆ ಏನು ಅಂತೀರಾ? ಹೋದ ತಿಂಗಳು ಒಂದು ದೊಡ್ಡ ಕಾದಂಬರಿ ಮುಗಿಸಿದೆ. ಕೊನೆಯ ಪುಟ ಆದ ಮೇಲೆ ಯಾರ ಜೊತೆಗೂ ಮಾತು ಬೇಡ ಅನಿಸಿತು. ಸಂಜೆ ಅವರು ಫೋನ್ ಮಾಡಿ, ‘ದನಿ ಯಾಕೆ ಹಿಂಗಿದೆ, ಹುಷಾರಿಲ್ವಾ?’ ಅಂದರು. ಹೇಳಲು ಶುರು ಮಾಡಿದೆ. ಸ್ವಲ್ಪ ಹೊತ್ತು ಕೇಳಿದರು. ಆಮೇಲೆ, ‘ಸರಿ ಬಿಡು, ಕಥೆ ತಾನೇ’ ಅಂದರು. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ನನಗೆ ಸಮಾಧಾನ ಆಗಲಿ ಅಂತಲೇ ಅಂದಿದ್ದು. ಆದರೂ ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ.

ಎರಡೂ ಮನೆಯಲ್ಲಿ ಒಪ್ಪಿಗೆ ಇದೆ. ನಿಶ್ಚಿತಾರ್ಥದ ಮಾತು ನಡೆಯುತ್ತಿದೆ. ಗೆಳತಿಯರಲ್ಲಿ ಕೆಲವರು ‘ಇದೂ ಒಂದು ಸಮಸ್ಯೆನಾ’ ಅನ್ನುತ್ತಾರೆ. ಕೆಲವರು ‘ಓದದವನ ಜೊತೆ ಹೆಂಗೆ ಇರ್ತೀಯ’ ಅನ್ನುತ್ತಾರೆ. ಬಾಳಿ ನೋಡಿದವರು ಹೇಳಿ. ಈ ಒಂಟಿತನ ಮುಂದೆ ಕಡಿಮೆ ಆಗುತ್ತಾ, ಜಾಸ್ತಿ ಆಗುತ್ತಾ? ‘ಅಡ್ಜಸ್ಟ್ ಮಾಡ್ಕೋ’ ಅಂತ ಮಾತ್ರ ಹೇಳಬೇಡಿ.

ಚಳ್ಳಕೆರೆ_ಅಕ್ಕ

ತಂಗಿ, ನನ್ನ ಮದುವೆ ಆಗಿ 22 ವರ್ಷ. ನಮ್ಮ ಯಜಮಾನರು ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್. ಅವರು ಕೊನೆಗೆ ಓದಿದ್ದು ಐ.ಟಿ.ಐ. ಪಠ್ಯಪುಸ್ತಕ. ನಾನು ಈಗಲೂ ಲೈಬ್ರರಿಯಿಂದ ತಂದು ತಂದು ಓದುತ್ತೇನೆ.

ಕೂಡುಮನೆಗೆ ಸೊಸೆಯಾಗಿ ಹೋಗುವವಳಿಗೆ ಗಂಡ ಓದುತ್ತಾನಾ ಇಲ್ಲವಾ ಅನ್ನುವುದು ಎರಡನೇ ಮಾತು. ನೀವು ಓದುವುದನ್ನು ಆ ಮನೆ ಹೇಗೆ ನೋಡುತ್ತದೆ ಅನ್ನುವುದೇ ಮೊದಲು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಮೂರು ಗಂಟೆಗೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಪುಸ್ತಕ ಹಿಡಿದು ನೋಡಿ. ಧಾರಾವಾಹಿ ನೋಡುವವರನ್ನು ಯಾರೂ ಏನೂ ಅನ್ನುವುದಿಲ್ಲ. ಅಕ್ಕಿ ಆರಿಸುತ್ತಾ ಹರಟೆ ಹೊಡೆಯುವವರನ್ನೂ ಅನ್ನುವುದಿಲ್ಲ. ಓದುವವಳನ್ನು ಮಾತ್ರ ‘ಸುಮ್ನೆ ಕೂತಿದ್ದಾಳೆ’ ಅನ್ನುತ್ತಾರೆ.

ಮದುವೆಯಾದ ಹೊಸದರಲ್ಲಿ ಒಂದು ದಿನ ನಮ್ಮತ್ತೆ ಒಳಗಿಂದ ‘ಟೀ ಇಟ್ಟೆಯೇನಮ್ಮಾ?’ ಅಂತ ಕೂಗಿದರು. ನಾನು ಪುಸ್ತಕ ಮಡಚಿ ಏಳುವುದರೊಳಗೆ ಇವರು, ‘ಅವಳು ಓದ್ತಾ ಇದ್ದಾಳೆ, ನಾನೇ ಇಡ್ತೀನಿ ಬಿಡವ್ವ’ ಅಂದರು. ಅಷ್ಟೇ ಮಾತು. ಆ ಟೀಗೆ ಸಕ್ಕರೆ ಸಿಕ್ಕಾಪಟ್ಟೆ ಆಗಿತ್ತು. ಆದರೆ ಅವತ್ತಿನಿಂದ ಮಧ್ಯಾಹ್ನದ ಒಂದು ಗಂಟೆ ನನ್ನದು ಅಂತ ಮನೆಯವರಿಗೆಲ್ಲ ತಿಳಿದುಹೋಯಿತು. ಅತ್ತೆಯೂ ಆಮೇಲೆ ಕೂಗಲಿಲ್ಲ.

ನಾನು ಓದಿದ ಒಂದು ಪುಸ್ತಕದ ಹೆಸರನ್ನೂ ಇವರು ಸರಿಯಾಗಿ ಹೇಳಲಾರರು. ನನಗೆ ಅದು ಕೊರತೆ ಅನಿಸಿಲ್ಲ. ನಿಮ್ಮವರು ನಿಮ್ಮ ಪರವಾಗಿ ಹೀಗೆ ಒಂದು ಮಾತು ಆಡುತ್ತಾರಾ? ಅದನ್ನು ನೋಡಿ.

ಕುಂದವಾಡ_ಕೆರೆ

ನನ್ನ ಉತ್ತರ ಬೇರೆ. ‘ಕಥೆ ತಾನೇ’ ಅನ್ನುವ ಮಾತು ಈಗಲೇ ಚುಚ್ಚಿದರೆ ಮುಂದೆ ದಿನಾ ಚುಚ್ಚುತ್ತದೆ. ಅವಸರ ಮಾಡಬೇಡಿ. ಈಗ ಡ್ಯೂಟಿ ಇದೆ, ವಿವರ ಆಮೇಲೆ ಬರೆಯುತ್ತೇನೆ.

ದುರ್ಗದ_ಮೇಷ್ಟ್ರು

ನಾನು ನಿವೃತ್ತ ಶಿಕ್ಷಕ, ಚಿತ್ರದುರ್ಗದಲ್ಲಿದ್ದೇನೆ. ಎರಡು ಮಾತು ಹೇಳಲೇಬೇಕು ಅನಿಸಿತು.

ಓದು ಅಂದರೆ ಒಬ್ಬರೇ ಮೂಲೆಯಲ್ಲಿ ಕೂತು ಕಣ್ಣಲ್ಲಿ ಓದುವುದು ಅಂತ ಈಗ ಎಲ್ಲರೂ ಅಂದುಕೊಂಡಿದ್ದೇವೆ. ನಮ್ಮ ಕಡೆ ಮೊದಲು ಹಾಗಿರಲಿಲ್ಲ. ಶ್ರಾವಣ ಬಂತೆಂದರೆ ಮಠದಲ್ಲೋ ಗುಡಿಯಲ್ಲೋ ಪುರಾಣ ಹಚ್ಚುತ್ತಿದ್ದರು. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರೆಲ್ಲ ಕೂತು ಕೇಳುವುದು. ನಮ್ಮ ಮನೆಯಲ್ಲಿ ಅಪ್ಪ ಲಕ್ಷ್ಮೀಶನ ಜೈಮಿನಿ ಭಾರತ ಓದುತ್ತಿದ್ದರು. ವಾರ್ಧಕ ಷಟ್ಪದಿ, ಜೋರು ದನಿಯಲ್ಲಿ ಓದಿದರೇ ಚೆಂದ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಒಲೆ ಮುಂದೆ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು. ಅಪ್ಪ ಅಕಸ್ಮಾತ್ ಒಂದು ಸಾಲು ಹಾರಿಸಿದರೆ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿತ್ತು. ‘ನಡುವೆ ಒಂದು ಬಿಟ್ರಿ ನೋಡಿ’ ಅನ್ನುತ್ತಿದ್ದಳು. ಅಪ್ಪ ಬೆರಳಿಟ್ಟು ಹಿಂದಕ್ಕೆ ಹುಡುಕುತ್ತಿದ್ದರು. ಸಿಕ್ಕೇ ಸಿಗುತ್ತಿತ್ತು.

ಇನ್ನೊಂದು. ನಮ್ಮ ಕೋಟೆ ಹತ್ತಿರ ಕಡ್ಲೆಕಾಯಿ ಮಾರುವವರನ್ನು ಮಾತಾಡಿಸಿ. ಓಬವ್ವನ ಕಿಂಡಿ ತೋರಿಸಿ ಇಡೀ ಕಥೆ ಹೇಳುತ್ತಾರೆ. 1779ರಲ್ಲಿ ಕೋಟೆ ಹೈದರಾಲಿಯ ಕೈಗೆ ಹೋದದ್ದನ್ನು ಹೇಳುವಾಗ ಮೊನ್ನೆ ಮೊನ್ನೆ ನಡೆದ ಹಾಗೆ ಬೇಜಾರು ಮಾಡಿಕೊಳ್ಳುತ್ತಾರೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತಲ್ಲ, ನಾನು ಮಾತಾಡಿಸಿದ ಇವರಲ್ಲಿ ಆ ಕಾದಂಬರಿ ಓದಿದವರು ಯಾರೂ ಸಿಕ್ಕಿಲ್ಲ. ಆದರೆ ಮದಕರಿ ನಾಯಕನ ಹೆಸರು ಬಂದರೆ ಅವರ ಕಣ್ಣು ಬೇರೆಯಾಗುತ್ತದೆ.

ಓದದವರಿಗೆ ಕಥೆಯೇ ಬೇಡ ಅಂತ ತೀರ್ಮಾನ ಮಾಡಬೇಡಮ್ಮ. ಪುಸ್ತಕ ಕೈಗೆ ಕೊಟ್ಟು ಓದಿ ಅನ್ನುವ ಬದಲು, ನಾಲ್ಕು ಪುಟ ನೀನೇ ಓದಿ ಕೇಳಿಸಿ ನೋಡಿದ್ದೀಯಾ?

ಕುಂದವಾಡ_ಕೆರೆ

ಮೇಷ್ಟ್ರೆ, ನಿಮ್ಮ ತಾಯಿಯವರ ವಿಷಯ ಓದಿ ಮನಸ್ಸು ತುಂಬಿ ಬಂತು. ಆದರೆ ಅದು ಈ ಪ್ರಶ್ನೆಗೆ ಉತ್ತರ ಅಂತ ನಾನು ಒಪ್ಪುವುದಿಲ್ಲ. ಅವರಿಗೆ ಶಾಲೆ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ನಿಮ್ಮ ತಂದೆಗಿಂತ ಜಾಸ್ತಿ ಓದುತ್ತಿದ್ದರು. ಅವರನ್ನು ಓದದವರ ಸಾಲಿಗೆ ಸೇರಿಸುವುದೇ ಅನ್ಯಾಯ.

ನನ್ನ ಕಥೆ ಹೇಳುತ್ತೇನೆ. ನಾನು ಆಸ್ಪತ್ರೆಯಲ್ಲಿ ನರ್ಸ್. ನನ್ನನ್ನು ಮದುವೆಯಾದವರು ಇಂಜಿನಿಯರಿಂಗ್ ಮಾಡಿದವರು, ಒಳ್ಳೆ ಸಂಬಳ. ಕುಡಿತ ಇಲ್ಲ, ಹೊಡೆತ ಇಲ್ಲ. ಹೊರಗಿನವರು ನೋಡಿದರೆ ಒಂದು ದೂರು ಹೇಳುವ ಹಾಗಿಲ್ಲ. ಆದರೆ ಅವರು ಏನನ್ನೂ ಕೇಳುತ್ತಿರಲಿಲ್ಲ. ಪುಸ್ತಕದ ವಿಷಯ ಬಿಡಿ. ರಾತ್ರಿ ಪಾಳಿ ಮುಗಿಸಿ, ವಾರ್ಡಿನಲ್ಲಿ ಒಂದು ಸಾವು ನೋಡಿ ಮನೆಗೆ ಬಂದಾಗಲೂ ‘ಏನಾಯ್ತು’ ಅನ್ನುತ್ತಿರಲಿಲ್ಲ. ‘ತಿಂಡಿ ಏನು’ ಅನ್ನುತ್ತಿದ್ದರು.

ಬಾಡಿಗೆ ಮನೆ ಬದಲಾಯಿಸುವಾಗ ನಾನು ತವರಿಗೆ ಹೋಗಿದ್ದೆ. ವಾಪಸ್ ಬಂದರೆ ನನ್ನ ಪುಸ್ತಕದ ರಟ್ಟಿನ ಪೆಟ್ಟಿಗೆಗಳು ಇಲ್ಲ. ‘ಓದಿ ಆಗಿದ್ವಲ್ಲ, ರದ್ದಿಗೆ ಹಾಕಿದೆ’ ಅಂದರು. ರದ್ದಿ ಅಂಗಡಿ ಹುಡುಕಿಕೊಂಡು ಹೋದೆ. ತಕ್ಕಡಿ ಪಕ್ಕ, ಹಳೇ ಪೇಪರ್ ಕಟ್ಟುಗಳ ಕೆಳಗೆ ಸ್ವಲ್ಪ ಉಳಿದಿದ್ದವು. ಒಂದರ ಮೊದಲ ಪುಟದಲ್ಲಿ ನಮ್ಮಪ್ಪನ ಕೈಬರಹ ಇತ್ತು, ನನ್ನ ಹೆಸರು, ಹುಟ್ಟಿದ ದಿನದ ಹಾರೈಕೆ. ಅದನ್ನು ತೂಕ ಮಾಡಿಸಿ, ದುಡ್ಡು ಕೊಟ್ಟು ತಂದೆ.

ನಾವು ಬೇರೆಯಾದದ್ದು ಪುಸ್ತಕದ ಜಗಳಕ್ಕಲ್ಲ. ಆದರೆ ನಾನು ಅಲ್ಲಿ ಯಾರು ಅನ್ನುವುದು ಆ ಅಂಗಡಿಯ ಮುಂದೆ ನಿಂತಾಗ ತಿಳಿಯಿತು.

ಅದಕ್ಕೇ ಕೇಳುತ್ತೇನೆ. ನಿಮ್ಮವರು ಓದುತ್ತಾರಾ ಅನ್ನುವುದನ್ನು ಪಕ್ಕಕ್ಕಿಡಿ. ಅವರು ಕೇಳುತ್ತಾರಾ? ನಿಮ್ಮ ಬಗ್ಗೆ, ಬೇರೆಯವರ ಬಗ್ಗೆ, ಜಗತ್ತಿನ ಬಗ್ಗೆ, ಏನಾದರೂ? ‘ಕಥೆ ತಾನೇ’ ಅಂದದ್ದು ಆಸಕ್ತಿ ಇಲ್ಲದೆಯೋ, ಇಲ್ಲಾ ಅಳುವವಳಿಗೆ ಏನು ಹೇಳಬೇಕೋ ತಿಳಿಯದೆಯೋ? ಮೊದಲನೆಯದಾದರೆ ಬೇಡ. ಎರಡನೆಯದಾದರೆ ದಾರಿ ಇದೆ.

ಲಾರಿ_ಆಫೀಸ್

ನಾನು ಇಲ್ಲಿ ಬರೆಯುವುದು ಇದೇ ಮೊದಲು. ನನ್ನ ಹೆಂಡತಿ ಈ ಚರ್ಚೆಯನ್ನು ಓದಿ ಹೇಳಿದಳು. ಈಗ ನಾನು ಹೇಳುತ್ತಿದ್ದೇನೆ, ಅವಳು ಟೈಪ್ ಮಾಡುತ್ತಿದ್ದಾಳೆ. ನಾನು ಓದದ ಕಡೆಯವನು.

ದಾವಣಗೆರೆಯಲ್ಲಿ ನಮ್ಮದು ಲಾರಿ ಬುಕಿಂಗ್ ಆಫೀಸು. ಶಾಲೆಯಲ್ಲಿ ಓದು ಅಂದರೆ ನನಗೆ ಹೊಡೆತ. ಅಕ್ಷರ ಕೂಡಿಸಿ ಪದ ಮಾಡಿ, ಪದ ಕೂಡಿಸಿ ಸಾಲು ಮುಗಿಸುವಷ್ಟರಲ್ಲಿ ಸಾಲಿನ ಶುರು ಮರೆತುಹೋಗುತ್ತಿತ್ತು. ಒತ್ತಕ್ಷರ ಬಂದರೆ ಬೆವರು. ಬಾಯಿಲೆಕ್ಕದಲ್ಲಿ ಕ್ಲಾಸಿಗೇ ಮುಂದು, ಓದಲು ಎಬ್ಬಿಸಿದರೆ ಮೂಕ. ದಡ್ಡ ಅಂದರು. ನಾನೂ ಹಾಗೇ ಅಂದುಕೊಂಡು ಬೆಳೆದೆ.

ಮಗನಿಗೂ ಹಾಗೇ ಆದಾಗ ಡಾಕ್ಟರಿಗೆ ತೋರಿಸಿದೆವು. ಡಿಸ್ಲೆಕ್ಸಿಯಾ ಅಂದರು. ಇದು ಬುದ್ಧಿ ಕಡಿಮೆ ಅಂತ ಅಲ್ಲ, ಮನೆತನದಲ್ಲಿ ಬರುವುದುಂಟು ಅಂತಲೂ ಅಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇಂಥ ಕಲಿಕೆಯ ತೊಂದರೆಯೂ ಸೇರಿದೆ, ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು ಅಂತ ಗೊತ್ತಾಯಿತು. ಮಗನಿಗೆ ದಾರಿ ಸಿಕ್ಕಿತು. ನನಗೆ ಆ ರಾತ್ರಿ ಅಳು ತಡೆಯಲಾಗಲಿಲ್ಲ.

ಓದುವವರಿಗೆ ಒಂದು ಮಾತು. ಮದುವೆಯಾದ ಹೊಸದರಲ್ಲಿ ಇವಳ ಓದುವ ಗೆಳೆಯರು ಮನೆಗೆ ಬರೋರು. ಒಳ್ಳೆಯವರೇ. ಮಾತಿನ ನಡುವೆ ನನ್ನ ಕಡೆ ತಿರುಗಿ, ‘ನೀವೂ ಸ್ವಲ್ಪ ಓದೋದು ರೂಢಿ ಮಾಡ್ಕೊಳ್ಳಿ ಸರ್’ ಅನ್ನೋರು. ನನ್ನ ಮನೆಯಲ್ಲಿ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಇವಳು ಅದನ್ನು ಗಮನಿಸಿದಳು. ಆಮೇಲೆ ಯಾರಾದರೂ ಹಾಗೆ ಅಂದರೆ ಅವಳೇ ಮಾತು ಬದಲಾಯಿಸುತ್ತಿದ್ದಳು. ನನಗೆ ಅವಳ ಮೇಲೆ ಪ್ರೀತಿ ಜಾಸ್ತಿ ಆದದ್ದು ಅಲ್ಲಿಂದ.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಅವಳನ್ನು ಕರೆದುಕೊಂಡು ಹೋಗಿದ್ದೆ. ಪುಸ್ತಕ ಮಳಿಗೆಯಲ್ಲಿ ಅವಳು ಒಂದೊಂದೇ ಎತ್ತುವುದು, ಹಿಂದಿನ ರಟ್ಟು ಓದುವುದು, ಬೆಲೆ ನೋಡಿ ಮತ್ತೆ ಇಡುವುದು. ನಾನು ಅವಳ ಹಿಂದೆಯೇ ನಿಂತು, ಅವಳು ಇಟ್ಟಿದ್ದನ್ನೆಲ್ಲ ಎತ್ತಿ ಬಿಲ್ ಮಾಡಿಸಿದೆ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಸುದ್ದಿ ರೇಡಿಯೊದಲ್ಲಿ ಕೇಳಿದ ತಕ್ಷಣ ಲಾರಿ ಶೆಡ್ಡಿನಿಂದಲೇ ಅವಳಿಗೆ ಫೋನ್ ಮಾಡಿದೆ. ಅವಳಿಗೆ ಇನ್ನೂ ಗೊತ್ತಿರಲಿಲ್ಲ. ‘ಹಾಸನದವರು, ನಮ್ಮ ಕನ್ನಡದ ಕಥೆಗೆ’ ಅಂತ ಹೇಳುವಾಗ ನನ್ನ ಗಂಟಲೂ ಕಟ್ಟಿತು.

ಈಗ ಆಡಿಯೊ ಪುಸ್ತಕ ಕೇಳುತ್ತೇನೆ. ಹುಬ್ಬಳ್ಳಿಗೆ ಹೋಗಿ ಬರುವಷ್ಟರಲ್ಲಿ ಒಂದು ಸಣ್ಣ ಕಾದಂಬರಿ ಮುಗಿಯುತ್ತದೆ. ರಾತ್ರಿ ಊಟಕ್ಕೆ ಕೂತಾಗ ಇಬ್ಬರಿಗೂ ಮಾತು ಇರುತ್ತದೆ. ಕೇಳದಿದ್ದ ವರ್ಷಗಳಲ್ಲೂ ನಾವು ಚೆನ್ನಾಗಿಯೇ ಇದ್ದೆವು, ಅದನ್ನೂ ಹೇಳಬೇಕು.

ತಂಗಿ, ಆ ಮಾತು ನಿಮಗೆ ನೋವು ಮಾಡಿತು ಅಂತ ಅವರಿಗೆ ನೇರವಾಗಿ ಹೇಳಿ. ನಮ್ಮಂಥವರಿಗೆ ಹೇಳದೆ ಗೊತ್ತಾಗುವುದಿಲ್ಲ.

ಹರಿಹರ_ಸೇತುವೆ

ನಾವಿಬ್ಬರೂ ಓದುವವರು. ಒಬ್ಬರಿಗೊಬ್ಬರು ಇಷ್ಟವಾದದ್ದೇ ಪುಸ್ತಕದ ಅಂಗಡಿಯಲ್ಲಿ. ಅವರು ಇತಿಹಾಸ, ರಾಜಕೀಯ ಓದುತ್ತಾರೆ. ನಾನು ಕಾದಂಬರಿ. ‘ಇದನ್ನೆಲ್ಲ ಓದಿ ಏನು ಬಂತು’ ಅನ್ನುವ ಮಾತು ನನ್ನ ಮನೆಯಲ್ಲಿ ಬರುವುದು ಎರಡು ಕಪಾಟು ಪುಸ್ತಕ ಓದಿದವರ ಬಾಯಿಂದ. ಓದುವವರನ್ನೇ ಕಟ್ಟಿಕೊಂಡರೆ ಎಲ್ಲ ಸರಿಹೋಗುತ್ತದೆ ಅಂತ ನಂಬಬೇಡಿ.

ಎಂಸಿಸಿ_ಬಿ_ಬ್ಲಾಕ್

ಇದಕ್ಕೆ ನಾನೂ ಸೇರಿಸುತ್ತೇನೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಡೇಟಿಂಗ್ ಆ್ಯಪ್‌ನಲ್ಲಿ ‘ಪುಸ್ತಕ ಪ್ರೇಮಿ’ ಅಂತ ಹಾಕಿಕೊಂಡಿದ್ದವರನ್ನೇ ಹುಡುಕಿ ಮಾತಾಡುತ್ತಿದ್ದೆ. ಕಾಫಿಗೆ ಸಿಕ್ಕಾಗ ಪುಸ್ತಕದ ಹೆಸರು ಸರಸರ ಬರುತ್ತಿದ್ದವು. ಒಳಗಿನ ಒಂದು ಪಾತ್ರದ ಬಗ್ಗೆ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ‘ಧಾರಣೆ ಬಿಟ್ಟು ಏನೂ ಓದಲ್ಲ’ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳುವವರು ಸಿಕ್ಕಿದ್ದಾರಲ್ಲ ನಿಮಗೆ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ನನ್ನ ಈಗಿನ ಹುಡುಗ ಹೊಸದುರ್ಗದ ಕಡೆಯವರು. ಪುಸ್ತಕ ಮುಟ್ಟಲ್ಲ, ನಾಟಕ ಬಿಡಲ್ಲ. ಸಾಣೇಹಳ್ಳಿಯಲ್ಲಿ ನವೆಂಬರ್ ನಾಟಕೋತ್ಸವ ಬಂದರೆ ರಜೆ ಹಾಕಿ ಹೋಗುತ್ತಾರೆ. ಅಲ್ಲಿಯದೇ ತಿರುಗಾಟದ ತಂಡ ಶಿವಸಂಚಾರದ ನಾಟಕ ಯಾವ ಊರಿಗೆ ಬಂದಿದೆ ಅಂತ ಅವರಿಗೆ ಗೊತ್ತಿರುತ್ತದೆ. ಹೋದ ಸಲ ನನ್ನನ್ನೂ ಕರೆದುಕೊಂಡು ಹೋದರು. ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಚಳಿಯಲ್ಲಿ ಕೂತು ನೋಡಿದೆವು. ವಾಪಸ್ ಬರುವಾಗ ಬೈಕಿನಲ್ಲಿ ದಾರಿಯುದ್ದಕ್ಕೂ ಆ ನಾಟಕದ ತಂದೆ ಮಗನ ಜಗಳದಲ್ಲಿ ಯಾರದು ಸರಿ ಅಂತ ಇಬ್ಬರೂ ವಾದ ಮಾಡಿದೆವು. ಕಾದಂಬರಿ ಓದಿ ನನಗೆ ಯಾವ ಮಾತು ಬೇಕಾಗಿತ್ತೋ ಅದೇ ಮಾತು ಅದು.

ಹಿರಿಯೂರು_ತೋಟ

ಇಲ್ಲಿ ಎಲ್ಲರೂ ಓದದ ಗಂಡನ ಬಗ್ಗೆಯೇ ಹೇಳುತ್ತಿದ್ದೀರಿ. ನಾನು ಓದುವ ಗಂಡ. ನನ್ನ ಹೆಂಡತಿ ಎಸ್.ಎಸ್.ಎಲ್.ಸಿ. ತನಕ ಓದಿದ್ದಾಳೆ, ಆಮೇಲೆ ಪುಸ್ತಕ ಹಿಡಿದಿಲ್ಲ. ಮದುವೆಗೆ ಮುಂಚೆ ಒಬ್ಬರೂ ನನ್ನನ್ನು ‘ಓದದವಳ ಜೊತೆ ಹೆಂಗೆ ಇರ್ತೀಯ’ ಅಂತ ಕೇಳಲಿಲ್ಲ. ನಾನು ಪುಸ್ತಕ ಹಿಡಿದರೆ ಮನೆಯಲ್ಲಿ ‘ಅಪ್ಪ ಓದ್ತಿದ್ದಾರೆ, ಗಲಾಟೆ ಮಾಡಬೇಡಿ’ ಅಂತ ಮಕ್ಕಳನ್ನು ಗದರಿಸುತ್ತಾರೆ. ಚಳ್ಳಕೆರೆ ಅಕ್ಕನಿಗೆ ಒಂದು ಕಪ್ ಟೀಗೆ ಹೋರಾಡಬೇಕಾಯಿತು. ಈ ವ್ಯತ್ಯಾಸವನ್ನು ಮರೆತು ಈ ಪ್ರಶ್ನೆಗೆ ಉತ್ತರ ಹೇಳಬಾರದು.

ನನ್ನವಳಿಗೆ ಅವಳ ತಾತ ಹೇಳಿದ ಕಥೆಗಳು ಲೆಕ್ಕವಿಲ್ಲದಷ್ಟು ಬರುತ್ತವೆ. ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದದ್ದನ್ನು ಅವರ ತಾತ ಕಂಡಿದ್ದರಂತೆ. ಮತ್ತೆ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ನೋಡಲು ಹೋದೆವು. ಜನವೋ ಜನ. ನೀರು ಹರಿಯುವುದನ್ನು ನೋಡುತ್ತಾ ನಿಂತು ಅವಳು ಹೇಳತೊಡಗಿದಳು. ತಾತ ಎಲ್ಲಿ ನಿಂತಿದ್ದರು, ಯಾರ ಹೆಗಲ ಮೇಲೆ ಕೂತಿದ್ದರು, ಯಾವ ಬುತ್ತಿ ಕಟ್ಟಿಕೊಂಡು ಹೋಗಿದ್ದರು, ಎತ್ತಿನ ಗಾಡಿಯನ್ನು ಎಲ್ಲಿ ಬಿಟ್ಟಿದ್ದರು. ಅಕ್ಕಪಕ್ಕ ನಿಂತಿದ್ದವರೂ ಕೇಳಲು ಶುರು ಮಾಡಿದರು. ಈ ನಡುವಿನ 89 ವರ್ಷ ಪತ್ರಿಕೆಯಲ್ಲಿ ನನಗೆ ಬರೀ ಅಂಕಿಯಾಗಿತ್ತು.

ಈಗ ಅವಳು ಹೇಳುವುದನ್ನು ನಾನು ಬರೆದಿಡುತ್ತಿದ್ದೇನೆ. ಭಾನುವಾರ ತೋಟದಲ್ಲಿ ಕೂತು ಬರೆದದ್ದನ್ನು ಓದಿ ತೋರಿಸುತ್ತೇನೆ. ‘ಹಂಗಲ್ಲ, ಹಿಂಗೆ’ ಅಂತ ತಿದ್ದುತ್ತಾಳೆ. ಮೇಷ್ಟ್ರ ಅವ್ವನ ಹಾಗೆಯೇ.

ವಿದ್ಯಾನಗರ_ಓದು

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಕೈಮುಗಿಯುತ್ತೇನೆ. ಕುಂದವಾಡ ಅಕ್ಕ, ರದ್ದಿ ಅಂಗಡಿಯ ವಿಷಯ ಓದಿ ಬಹಳ ಹೊತ್ತು ಏನೂ ತೋಚಲಿಲ್ಲ.

ನೀವು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿದೆ. ಅವರು ಕೇಳುತ್ತಾರಾ? ಕೇಳುತ್ತಾರೆ. ಒಂದು ಸಲ ಅವರ ಅಂಗಡಿಗೆ ಹೋಗಿದ್ದೆ. ಜಗಳೂರು ಕಡೆಯ ಒಬ್ಬ ರೈತರು ಮೆಕ್ಕೆಜೋಳ ತಂದಿದ್ದರು. ಇವರು ಚೀಲದ ಬಾಯಿ ಬಿಚ್ಚಿ, ಮೊಣಕೈ ತನಕ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದರು. ಒಂದು ಕಾಳನ್ನು ಹಲ್ಲಿನಲ್ಲಿ ಕಟಕ್ ಅನ್ನಿಸಿದರು. ‘ಇನ್ನೂ ಹಸಿ ಇದೆ ಗೌಡ್ರೆ, ಎರಡು ದಿನ ಒಣಗಿಸಿ ತಂದ್ರೆ ನಿಮಗೇ ನಾಲ್ಕು ಕಾಸು ಜಾಸ್ತಿ’ ಅಂದರು. ಮಿಷನ್ ಇಟ್ಟು ನೋಡಿದರೆ ತೇವಾಂಶ ಶೇಕಡಾ 14ಕ್ಕಿಂತ ಮೇಲೇ ಇತ್ತು. ಆಮೇಲೆ ಅವರನ್ನು ಕೂರಿಸಿ, ಮಗಳ ಮದುವೆ ಎಲ್ಲಿಗೆ ಬಂತು, ಬೋರ್‌ವೆಲ್‌ನಲ್ಲಿ ನೀರು ಹೇಗಿದೆ ಅಂತ ಒಂದೊಂದೇ ವಿಚಾರಿಸಿದರು. ಹೋದ ಸುಗ್ಗಿಯಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇದ್ದಾಗ ಯಾರ್ಡಿನಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹೋಯಿತಲ್ಲ, ಆಗ ರಾತ್ರಿ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಫೋನಿನಲ್ಲಿ ಒಬ್ಬೊಬ್ಬ ರೈತರ ಹೆಸರು ಹೇಳಿ ಬೇಜಾರು ಮಾಡಿಕೊಳ್ಳುತ್ತಿದ್ದರು. ಜನರ ಬಗ್ಗೆ ಅವರಿಗೆ ಇರುವ ಈ ಕಾಳಜಿ ನಾನು ಕಾದಂಬರಿಯಲ್ಲಿ ಹುಡುಕುವುದೇ.

ಆದರೂ ನನ್ನ ಆಸೆಯನ್ನು ಮುಚ್ಚಿಡುವುದಿಲ್ಲ. ಒಂದು ಪುಸ್ತಕ ಇಬ್ಬರೂ ಓದಿ, ರಾತ್ರಿಯೆಲ್ಲ ಮಾತಾಡಬೇಕು ಅನ್ನುವ ಆಸೆ ಇದೆ. ಅದು ಇವರಿಂದ ಈಡೇರುವುದಿಲ್ಲ. ಅದು ಇಲ್ಲದೆಯೂ ಇರಬಲ್ಲೆನಾ ಅಂತ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಚಳ್ಳಕೆರೆ_ಅಕ್ಕ

ಆ ಆಸೆ ಗೆಳತಿಯರ ಜೊತೆ ತೀರುತ್ತದೆ ತಂಗಿ. ನನಗೊಬ್ಬಳು ಇದ್ದಾಳೆ, ಹೈಸ್ಕೂಲಿನಿಂದ. ಒಂದೇ ಪುಸ್ತಕ ಇಬ್ಬರೂ ತಗೊಂಡು ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ. ಎಲ್ಲವೂ ಗಂಡನಿಂದಲೇ ಸಿಗಬೇಕು ಅಂತ ನಾನು ಯಾವತ್ತೂ ಇಟ್ಟುಕೊಂಡಿಲ್ಲ. ಅವಳನ್ನು ಮದುವೆಯಾದ ಮೇಲೂ ಬಿಡದೆ ಉಳಿಸಿಕೊಂಡೆ. ಬಹಳ ಹೆಣ್ಣುಮಕ್ಕಳು ಅಲ್ಲೇ ಗೆಳೆತನ ಕಳೆದುಕೊಳ್ಳುತ್ತಾರೆ.

ಪಿ.ಜೆ._ಬಡಾವಣೆ

ಮಕ್ಕಳಾದ ಮೇಲೆ ಏನು? ಅಪ್ಪ ಓದದಿದ್ದರೆ ಮಕ್ಕಳೂ ಓದುವುದಿಲ್ಲ. ಅದನ್ನು ಯಾರೂ ಹೇಳುತ್ತಿಲ್ಲ.

ಜಗಳೂರು_ಅರಿವು

ಹಾಗೇನಿಲ್ಲ. ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕಿ. ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗ ಮಕ್ಕಳಿಗೆ ಉಚಿತ ಸದಸ್ಯತ್ವ ಮಾಡಿಸಿದೆವು. ನಮ್ಮಲ್ಲಿ ಜಾಸ್ತಿ ಓದುವ ಹುಡುಗಿಯ ಅಪ್ಪ ಕುರಿ ಕಾಯುವವರು, ಅಮ್ಮ ಕೂಲಿ. ಸಂಜೆ ಅಪ್ಪ ಕುರಿ ಹಟ್ಟಿಗೆ ಸೇರಿಸಿ, ಗ್ರಂಥಾಲಯದ ಕಟ್ಟೆಯ ಮೇಲೆ ಬಂದು ಕೂರುತ್ತಾರೆ. ಮಗಳು ಓದಿ ಮುಗಿಸುವ ತನಕ ಏಳುವುದಿಲ್ಲ. ಬಾಗಿಲು ಹಾಕುವ ಹೊತ್ತಾದರೆ ನಾನೂ ಕಾಯುತ್ತೇನೆ. ಮಗು ಓದಲು ಅಪ್ಪ ಓದಿರಲೇಬೇಕು ಅಂತಿಲ್ಲ. ಮಗು ಓದುವಾಗ ‘ಎದ್ದು ಕೆಲಸ ನೋಡು’ ಅನ್ನದಿದ್ದರೆ ಸಾಕು.

ಕುಂದವಾಡ_ಕೆರೆ

ತಂಗಿ, ನೀವು ಬರೆದದ್ದು ಓದಿದ ಮೇಲೆ ನನ್ನ ಮನಸ್ಸು ಸ್ವಲ್ಪ ಹಗುರ ಆಯಿತು. ಚೀಲದ ತಳಕ್ಕೆ ಕೈ ಹಾಕಿ ನೋಡುವವರು ನಿಮ್ಮನ್ನೂ ಮೇಲೆ ಮೇಲೆ ನೋಡುವವರಲ್ಲ.

ಆದರೆ ನಂಬಿಕೆ ಮೇಲೆ ಬಿಡಬೇಡಿ. ನಿಶ್ಚಿತಾರ್ಥಕ್ಕೆ ಮುಂಚೆ ಕೂತು ಬಾಯಿಬಿಟ್ಟು ಮಾತಾಡಿ. ಪುಸ್ತಕಕ್ಕೆ ನೀವು ಎತ್ತಿಡುವ ದುಡ್ಡು ನಿಮ್ಮದೇ ಆಗಿರುತ್ತಾ ಅಂತ ಕೇಳಿ. ಪುಸ್ತಕ ಎಲ್ಲಿ ಇಡುವುದು ಅಂತ ಕೇಳಿ. ಅಟ್ಟದ ಮೇಲೆ, ಮಂಚದ ಕೆಳಗೆ ಅಂದರೆ ಒಪ್ಪಬೇಡಿ, ಗೆದ್ದಲು ಹಿಡಿಯುತ್ತದೆ, ಆಮೇಲೆ ರದ್ದಿಗೆ ಹಾಕಲು ಅದೇ ನೆಪ ಆಗುತ್ತದೆ. ಮನೆಯವರು ಏನಾದರೂ ಅಂದರೆ ಮಾತಾಡುವವರು ಯಾರು ಅಂತ ಕೇಳಿ. ಇದು ಮುಖ್ಯ.

ವಿದ್ಯಾನಗರ_ಓದು

ಮಾತಾಡಿದೆ. ಯಾರ್ಡಿಗೆ ರಜೆ ಇದ್ದ ದಿನ ಗಾಜಿನ ಮನೆ ಹತ್ತಿರ ಸಿಕ್ಕಿದ್ದೆವು. ಲಾರಿ ಆಫೀಸ್ ಅಣ್ಣ ಹೇಳಿದ ಹಾಗೆ ಮೊದಲು ನೇರವಾಗಿ ಹೇಳಿದೆ, ‘ಕಥೆ ತಾನೇ ಅಂದಿದ್ದು ನಂಗೆ ನೋವಾಯ್ತು’ ಅಂತ. ಅವರಿಗೆ ಆ ಮಾತು ಆಡಿದ್ದೇ ನೆನಪಿರಲಿಲ್ಲ. ಮುಖ ಸಣ್ಣದಾಯಿತು. ‘ನೀನು ಅಳ್ತಾ ಇದ್ದೆ. ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ’ ಅಂದರು.

ಆಮೇಲೆ ಅವರೇ ಅಂದರು, ‘ಕಾದಂಬರಿ ನಂಗೆ ಹಿಡಿಸಲ್ಲ. ಹಿಡಿಸುತ್ತೆ ಅಂತ ಸುಳ್ಳು ಹೇಳಲ್ಲ. ನೀನು ಓದಿ ಮುಗಿಸಿದ ದಿನ ಮಾತು ಬೇಡ ಅನಿಸಿದ್ರೆ ಬೇಡ ಅನ್ನು, ಸುಮ್ನೆ ಪಕ್ಕದಲ್ಲಿ ಕೂತಿರ್ತೀನಿ. ಹೇಳ್ಬೇಕು ಅನಿಸಿದ್ರೆ ಹೇಳು, ಕೇಳ್ತೀನಿ. ಅರ್ಥ ಆಗದಿದ್ರೆ ಕೇಳಿ ತಿಳ್ಕೋತೀನಿ.’

ಮೇಷ್ಟ್ರ ಸಲಹೆಯನ್ನೂ ಮಾಡಿ ನೋಡಿದೆ. ಚೀಲದಲ್ಲಿದ್ದ ಕಥಾಸಂಕಲನದಿಂದ ಒಂದು ಸಣ್ಣ ಕಥೆ ಅಲ್ಲೇ ಬೆಂಚಿನ ಮೇಲೆ ಕೂತು ಓದಿದೆ. ನಡುವೆ ಅವರ ಫೋನ್ ಬಂತು. ಕಟ್ ಮಾಡಿದರು. ಮತ್ತೆ ಬಂತು, ತೆಗೆದು ‘ಆಮೇಲೆ ಮಾಡ್ತೀನಿ’ ಅಂದರು. ಕಥೆ ಮುಗಿದ ಮೇಲೆ ‘ಆ ಹುಡುಗ ಮನೆಗೆ ಕಾಗದ ಯಾಕೆ ಹಾಕ್ಲಿಲ್ಲ?’ ಅಂದರು. ನನಗೂ ಅದೇ ಪ್ರಶ್ನೆ ಇತ್ತು. ಮುಕ್ಕಾಲು ಗಂಟೆ ಅದನ್ನೇ ಮಾತಾಡಿದೆವು.

ದುಡ್ಡಿನ ವಿಷಯಕ್ಕೆ ತಕರಾರು ಇಲ್ಲ. ಕಪಾಟಿಗೆ ಮಹಡಿ ಮೇಲಿನ ಕೋಣೆಯ ಒಂದು ಗೋಡೆ ಬಿಟ್ಟುಕೊಡುತ್ತಾರಂತೆ. ಅವರ ತಾಯಿಯವರ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಆ ಮನೆಯಲ್ಲಿ ಹೆಂಗಸರು ಹಗಲು ಹೊತ್ತು ಕೂತು ಓದಿದ್ದು ಯಾರೂ ನೋಡಿಲ್ಲ. ‘ನೀನು ಬಂದ ಮೇಲೆ ಅವರೇ ಹೊಂದಿಕೊಳ್ತಾರೆ’ ಅಂದರು. ನಾನು ಒಪ್ಪಲಿಲ್ಲ.

ಕುಂದವಾಡ_ಕೆರೆ

ಒಪ್ಪದೆ ಇದ್ದದ್ದು ಒಳ್ಳೆಯದಾಯಿತು. ಅತ್ತೆಯವರ ಹತ್ತಿರ ಅವರೇ ಮಾತಾಡಲಿ, ನೀವು ಹೋಗಬೇಡಿ. ಮದುವೆಯಾದ ಮೇಲೆ ಅಲ್ಲ, ನಿಶ್ಚಿತಾರ್ಥಕ್ಕೆ ಮುಂಚೆ.

ಚಳ್ಳಕೆರೆ_ಅಕ್ಕ

ನನ್ನದೂ ಅದೇ ಮಾತು. ಜೊತೆಗೆ, ಅವರಿಗೆ ಟೀ ಮಾಡಲು ಈಗಲೇ ಕಲಿಸಿ. ಸಕ್ಕರೆ ಅಳತೆ ಸಮೇತ.

ವಿದ್ಯಾನಗರ_ಓದು

ಇವತ್ತು ಫೋನಿನಲ್ಲಿ ಅದನ್ನೇ ಹೇಳಿದೆ ಅಕ್ಕ. ‘ಅವ್ವನ ಹತ್ರ ನಾನೇ ಮಾತಾಡ್ತೀನಿ, ಭಾನುವಾರ ಅಂಗಡಿ ಕೆಲಸ ಇರಲ್ಲ’ ಅಂದರು. ಅವರು ಮಾತಾಡಿದ ಮೇಲೆಯೇ ದಿನ ನೋಡಿಸೋಣ ಅಂತ ನಮ್ಮಪ್ಪನಿಗೂ ಹೇಳಿದ್ದೇನೆ. ಭಾನುವಾರ ಆದ ಮೇಲೆ ಇಲ್ಲೇ ಬರೆಯುತ್ತೇನೆ.